ಕೌದಿಯೂ ಎಂಬ್ರಾಯ್ಡರಿ ಯಂತ್ರವೂ

ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಸ್ತ್ರೀವಿದ್ಯಾಭ್ಯಾಸದ ಮೇಲಾಗಲಿ ಶಿಸ್ತಿನ ಮೇಲಾಗಲಿ ನಾಲ್ಕು ಮಾತುಗಳನ್ನು ಅವರು ನಿರೀಕ್ಷಿಸಿದ್ದರೆಂಬದು ನಮಗೆ ಗೊತ್ತುಂಟು. ಆ ವಿಷಯಗಳನ್ನು ಕುರಿತು ನಾವು ವರ್ಷವೆಲ್ಲಾ ಬೆಳಗಿನ ಸಭೆಯಲ್ಲಿ ಮಾತಾಡುತ್ತಲೇ ಇರುತ್ತೇವೆ. ಮಕ್ಕಳು ಕೇಳಿ ದಣಿದಿದ್ದಾರೆ, ಅವರ ತಾಯಂದಿರೂ ತಮ್ಮ ಕಾಲದಲ್ಲಿ ಕೇಳಿ ದಣಿದವರೇ. ಆದಕಾರಣ ಈ ಸಾರಿ, ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ನಮ್ಮನ್ನು ಮತ್ತೆ ಮತ್ತೆ ಕೇಳಲಾಗುತ್ತಿರುವ ಒಂದು ಪ್ರಶ್ನೆಗೆ ಉತ್ತರವನ್ನು ಬರೆಯಬೇಕೆಂದು ಮನಸ್ಸು ಮಾಡಿದ್ದೇವೆ. ಪ್ರಶ್ನೆ ಇದು: "ಅಕ್ಕಾವರೇ, ಕೈಯಿಂದ ಕೌದಿ ಹೊಲಿಯುವವರಿಗೆ ಆ ಎಂಬ್ರಾಯ್ಡರಿ ಯಂತ್ರ ಯಾತಕ್ಕೆ? ಅಷ್ಟು ಹಣ ಹಾಕಿದರೆ ಅದು ತಿರುಗಿ ಬರುವದೋ?"

ನಾವು ಎರಡು ವರ್ಷಗಳ ಹಿಂದೆ, ಸಂಬಳದಲ್ಲಿ ಕೂಡಿಟ್ಟ ಹಣದಿಂದ, ಅಂಥ ಸಣ್ಣ ಯಂತ್ರವೊಂದನ್ನು ಕೊಂಡದ್ದೇ ಈ ಪ್ರಶ್ನೆಗೆ ಮೂಲ. (ಈ ವಾಕ್ಯದಲ್ಲಿ ನಾವು ಎಂದರೆ ಒಬ್ಬರೇ ಎಂದು ತಿಳಿಯತಕ್ಕದ್ದು, ಶಾಲೆಯ ನಿಧಿಯಿಂದ ಒಂದು ದಮ್ಮಡಿಯೂ ಹೋಗಿಲ್ಲ.) ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹಣ ತಿರುಗಿ ಬರುವದೋ ಎಂಬ ಪ್ರಶ್ನೆಯನ್ನೇ ನಾವು ಒಪ್ಪುವದಿಲ್ಲ. ಕೌದಿ ಹೊಲಿಯುವ ಸ್ತ್ರೀಯು ತನ್ನ ಸಂತೋಷಕ್ಕಾಗಿಯೇ ಇಂಥ ಯಂತ್ರವನ್ನು ಕೊಳ್ಳಬಹುದು. ಕೊಂಡ ಮೇಲೆ ಯಂತ್ರವು ಕೌದಿಗೆ ಹೂವು ಕೊಡುವ ಕೆಲಸದಲ್ಲಿರಬೇಕೇ ಹೊರತು ಕೌದಿಯ ಯಜಮಾನಿಕೆಯನ್ನು ವಹಿಸಬಾರದು.

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಸೀಮೆಯವರಿಗೆ ಕೌದಿಯೆಂದರೇನೆಂದು ಹೇಳಬೇಕಾಗಿಲ್ಲ. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯರ ಮಕ್ಕಳಲ್ಲಿ ಅನೇಕರು ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಹುಟ್ಟಿ ಬೆಳೆದವರು. ಅವರು ಕ್ವಿಲ್ಟ್ ಎಂಬ ಮಾತನ್ನು ಬಲ್ಲರು, ಕೌದಿಯನ್ನು ಅರಿಯರು. ಉಟ್ಟು ಹಳೆಯದಾದ ಸೀರೆ, ಧೋತರ, ಮಕ್ಕಳ ಅಂಗಿ ಇವುಗಳನ್ನು ಒಗೆದು, ಗಟ್ಟಿಯಾಗಿ ಉಳಿದ ಭಾಗಗಳನ್ನು ಹರಿದು ತೆಗೆದು, ಪದರಿನ ಮೇಲೆ ಪದರು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಓಡುವ ಸಾದಾ ಹೊಲಿಗೆಯ ಸಾಲುಗಳಿಂದ ಎಲ್ಲವನ್ನೂ ಒಂದು ಮಾಡಿದರೆ ಕೌದಿ. ಪರದೇಶದ ಕ್ವಿಲ್ಟಿನಲ್ಲಿರುವಂತೆ ನಡುವೆ ಅರಳೆಯ ಹಾಸು ಬೇಕಾಗಿಲ್ಲ. ಹಳೆಯ ಬಟ್ಟೆಯ ಪದರುಗಳೇ ಅದರ ಬಿಸುಪು. ಮನೆಯ ಪಡಸಾಲೆಯಲ್ಲಿ ಹಾಸಿಕೊಂಡು, ನೆರೆಯ ಹೆಂಗಸರು ಒಂದೊಂದು ಮೂಲೆ ಹಿಡಿದು, ಮಾತಾಡುತ್ತಾ ಹೊಲಿದು ಮುಗಿಸುವ ಕೆಲಸ ಅದು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಸ್ತ್ರೀಯರು ಇದನ್ನೇ ಕವಂದಿ ಎಂಬ ಹೆಸರಿನಿಂದ ಹೊಲಿಯುತ್ತಾರೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವುಗಳನ್ನು, ಅವರ ಮಾತಿನಲ್ಲಿ ಫೂಲಗಳನ್ನು, ಇಟ್ಟ ಹೊರತು ಕವಂದಿಯು ಪೂರ್ತಿಯಾಯಿತೆಂದು ಅವರು ಒಪ್ಪುವದಿಲ್ಲ. ವಾಚಕರು ಇದನ್ನು ಸ್ವಲ್ಪ ವಿಚಾರಿಸಬೇಕು. ಕಾಡಂಚಿನ ಹಳ್ಳಿಯಲ್ಲಿ, ಕೂಲಿಯ ನಡುವೆ ಬಿಡುವು ಮಾಡಿಕೊಂಡು, ಹರಕು ಬಟ್ಟೆಯಿಂದ ಮಕ್ಕಳಿಗೆ ಹೊದಿಕೆ ಮಾಡುವ ತಾಯಿ, ಚಳಿಯನ್ನು ಎಳ್ಳಷ್ಟೂ ತಡೆಯದ ಆ ನಾಲ್ಕು ಹೂವುಗಳನ್ನು ಬಿಡಲೊಲ್ಲಳು. ಆ ಹೂವಿನಿಂದ ಎಷ್ಟು ಆದಾಯವೆಂದು ಅವಳನ್ನು ಯಾರೂ ಕೇಳಿಲ್ಲ. ಸಂಬಳ ತರುವ ನಮ್ಮ ವಿದ್ಯಾವಂತ ಸ್ತ್ರೀಯರನ್ನು ಮಾತ್ರ ಕೇಳುವದು ಯಾಕೆ?

ಇನ್ನು ಯಂತ್ರದ ವಿಷಯ. ನಮ್ಮ ಸೀಮೆಯ ಆಡುಮಾತಿನಲ್ಲಿ ಹೊಲಿಗೆಯ ಯಂತ್ರಕ್ಕೂ ಮಿಶನ್ನು, ನಮ್ಮಂಥ ಶಾಲೆಗೂ ಮಿಶನ್ನು. ಆದಕಾರಣ ಮಿಶನ್ ಶಾಲೆಯಲ್ಲಿ ಓದಿದ ಹುಡುಗಿಯರಿಗೆಲ್ಲ ಹೊಲಿಗೆ ಬರಲೇಬೇಕೆಂದು ಹಳ್ಳಿಯ ಹಿರಿಯರು ಭಾವಿಸುವದು ಉಂಟು. ಸಾಮಾನ್ಯವಾದ ಹೊಲಿಗೆಯ ಯಂತ್ರದಲ್ಲಿ ಹೊಲಿಯುವವರು ಬಟ್ಟೆಗೆ ದಾರಿ ತೋರಿಸುತ್ತಾರೆ. ಎಂಬ್ರಾಯ್ಡರಿ ಯಂತ್ರದಲ್ಲಿಯಾದರೋ ಬಟ್ಟೆಯನ್ನು ಹೂಪ್ ಎಂಬ ಚೌಕಟ್ಟಿನಲ್ಲಿ ಬಿಗಿದು ಯಂತ್ರದ ತೋಳಿಗೆ ಸಿಕ್ಕಿಸಿಬಿಟ್ಟರೆ, ಆ ತೋಳೇ ಚೌಕಟ್ಟನ್ನು ಹಿಂದು ಮುಂದಕ್ಕೂ ಎಡಬಲಕ್ಕೂ ಸರಿಸುತ್ತದೆ. ಸೂಜಿಯು ನಿಂತಲ್ಲಿಯೇ ಮೇಲೆ ಕೆಳಗೆ ಆಡುತ್ತದೆ. ಚಿತ್ರವೆಂಬದು ಯಂತ್ರದ ಪಾಲಿಗೆ ಅಂಕೆಗಳ ಒಂದು ಉದ್ದ ಪಟ್ಟಿ: ಇಷ್ಟು ಬಲಕ್ಕೆ, ಇಷ್ಟು ಮುಂದಕ್ಕೆ, ಒಂದು ಹೊಲಿಗೆ, ಮತ್ತೆ ಇಷ್ಟು, ಮತ್ತೊಂದು ಹೊಲಿಗೆ.

ಇದರ ವಂಶಾವಳಿ ಚಿಕ್ಕದಲ್ಲ. ನಮ್ಮ ನಾಡಿಗೆ 1834ರಲ್ಲಿ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ನಗರಕ್ಕೆ ಸಮೀಪವಾದ ಮ್ಯುಲೂಜ್ ಎಂಬ ಪಟ್ಟಣದಲ್ಲಿ, 1828ರ ಸುಮಾರಿಗೆ, ಜೋಸುವೆ ಹೈಲ್ಮಾನ್ ಎಂಬವನು ಮೊದಲನೆಯ ಎಂಬ್ರಾಯ್ಡರಿ ಯಂತ್ರವನ್ನು ರಚಿಸಿದನು. ಒಬ್ಬನು ದೊಡ್ಡ ಚಿತ್ರದ ಗೆರೆಗಳ ಮೇಲೆ ಕಡ್ಡಿಯಾಡಿಸುತ್ತಿದ್ದರೆ ಅನೇಕ ಸೂಜಿಗಳು ಅದೇ ಚಿತ್ರವನ್ನು ಚಿಕ್ಕದಾಗಿ ಹೊಲಿಯುತ್ತಿದ್ದವು. ಆ ಸೂಜಿಗಳು ಎರಡು ತುದಿಗೂ ಚೂಪು, ಕಣ್ಣು ನಡುವೆ. ಅವು ಕೈಸೂಜಿಯಂತೆ ಬಟ್ಟೆಯ ಈಚೆಯಿಂದ ಆಚೆಗೆ ಪೂರ್ತಿಯಾಗಿ ಹಾದು ಬರುತ್ತಿದ್ದವು. ಆಮೇಲೆ 1863ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಸೀಮೆಯ ಇಸಾಕ್ ಗ್ರೋಬ್ಲಿಯು, ಹೊಲಿಗೆಯ ಯಂತ್ರದಲ್ಲಿರುವ ಎರಡು ದಾರಗಳ ಉಪಾಯವನ್ನು ಇದಕ್ಕೆ ತಂದು, ಶಿಫ್ಲಿ ಎಂಬ ಯಂತ್ರವನ್ನು ಮಾಡಿದನು. ಶಿಫ್ಲಿ ಎಂದರೆ ಅವರ ಮಾತಿನಲ್ಲಿ ಪುಟ್ಟ ದೋಣಿ. ಕೆಳದಾರವನ್ನು ಒಯ್ಯುವ ಲಾಳಿಯು ದೋಣಿಯಂತಿದ್ದದ್ದರಿಂದ ಆ ಹೆಸರು. ಅವೆಲ್ಲಾ ಕಾರ್ಖಾನೆಯ ಯಂತ್ರಗಳು. ಜಪಾನಿನ ಜಾನೋಮೆ ಕಂಪನಿಯವರು 1990ರಲ್ಲಿ ಮೆಮೊರಿ ಕ್ರಾಫ್ಟ್ 8000 ಎಂಬದನ್ನು ಹೊರತಂದಾಗ, ಗಣಕದಿಂದ ನಡೆಯುವ ಎಂಬ್ರಾಯ್ಡರಿ ಯಂತ್ರವು ಮನೆಯ ಮೇಜಿನ ಮೇಲೆ ಕೂತಿತು. ಜಾನೋಮೆ ಎಂದರೆ ಹಾವಿನ ಕಣ್ಣು. ದುಂಡಗಿನ ಬಾಬಿನ್ನು ಹಾಗೆ ಕಂಡಿತಂತೆ. ಈಗ ಅದು ನಮ್ಮ ದೇಶದಲ್ಲಿ ಉಷಾ ಎಂಬ ಹೆಸರಿನ ಜೊತೆಗೂಡಿ ಮಾರಾಟವಾಗುತ್ತದೆ. ಬ್ರದರ್ ಮೊದಲಾದ ಬೇರೆ ಕಂಪನಿಗಳ ಯಂತ್ರಗಳೂ ಸಿಕ್ಕುತ್ತವೆ. ಸಣ್ಣವಕ್ಕೆ ಹತ್ತಾರು ಸಾವಿರ ರೂಪಾಯಿ. ದೊಡ್ಡ ಚೌಕಟ್ಟಿನವು ಲಕ್ಷವನ್ನು ದಾಟುತ್ತವೆ.

ಹಣದ ಮಾತು ಬಂತು. ನಮ್ಮ ಕುಟುಂಬಗಳಲ್ಲಿ ವಿಚಿತ್ರವಾದ ಒಂದು ಲೆಕ್ಕ ನಡೆಯುತ್ತದೆ. ಮನೆಯ ಗಂಡಸು ಇದ್ದ ಮೋಟಾರ್ ಸೈಕಲನ್ನು ಮಾರಿ ಅದಕ್ಕಿಂತ ಬೆಲೆಯಾದದ್ದನ್ನು ತಂದರೆ, ನೆರೆಹೊರೆಯವರು ಬಂದು ನೋಡಿ ಸಂತೋಷಪಡುತ್ತಾರೆ. ಕ್ರಿಕೆಟ್ ಪಂದ್ಯ ನೋಡುವದಕ್ಕೆಂದು ಗೋಡೆಯಷ್ಟು ಅಗಲದ ಟೆಲಿವಿಜನ್ ಬಂದರೆ, ಅದು ತಿಂಗಳಿಗೆ ಎಷ್ಟು ಗಳಿಸುವದೆಂದು ಅತ್ತೆಯವರೂ ಕೇಳರು. ಅದೇ ಮನೆಯ ಸೊಸೆಯು, ತಾನೇ ದುಡಿಯುವವಳಾಗಿದ್ದರೂ, ಎಂಬ್ರಾಯ್ಡರಿ ಯಂತ್ರದ ಹೆಸರೆತ್ತಿದ ಕೂಡಲೇ ಲೆಕ್ಕದ ಪುಸ್ತಕವು ತೆರೆಯುತ್ತದೆ. ಇನ್ನೂ ವ್ಯಸನದ ಸಂಗತಿ ಏನಂದರೆ, ಇತರರು ಕೇಳುವ ಮೊದಲೇ ಅವಳೇ ಹೇಳಿಬಿಡುತ್ತಾಳೆ: ರವಿಕೆಗಳ ಕೆಲಸ ಹಿಡಿಯುತ್ತೇನೆ, ವರ್ಷದೊಳಗೆ ದುಡ್ಡು ತಿರುಗಿಸುತ್ತೇನೆ. ಸಂತೋಷವನ್ನು ವ್ಯಾಪಾರದ ಮುಸುಕಿನೊಳಗೆ ಮನೆಗೆ ತರಬೇಕಾದ ಸ್ಥಿತಿ ಅದು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಾಗೆಯೇ ಹೇಳಿ ಯಂತ್ರವನ್ನು ತಂದಳು. ಅವಳ ಬಯಕೆಯಿದ್ದದ್ದು ಹುಟ್ಟಲಿರುವ ಮೊಮ್ಮಗುವಿಗೆ ತೊಟ್ಟಿಲ ಕೌದಿಯನ್ನೂ ಕುಲಾವಿಯನ್ನೂ ಮಾಡಬೇಕೆಂಬದು. ಕೊಟ್ಟ ಮಾತಿಗೆ ಕಟ್ಟುಬಿದ್ದು ಓಣಿಯ ಮದುವೆಗಳ ರವಿಕೆಗಳನ್ನೆಲ್ಲಾ ಹಿಡಿದಳು. ಮೊಮ್ಮಗು ಈಗ ಓಡಾಡುತ್ತದೆ. ಕೌದಿಯ ತುಂಡುಗಳು ಇನ್ನೂ ಗಂಟಿನಲ್ಲಿವೆ. ರವಿಕೆ ಹೊಲಿದು ಮನೆ ನಡೆಸುವವರ ವಿಷಯದಲ್ಲಿ ನಮಗೆ ಗೌರವವೇ ಹೊರತು ಬೇರೆಯಿಲ್ಲ. ಆ ಉದ್ಯೋಗ ಬೇಕಾದವರು ಅದನ್ನು ಉದ್ಯೋಗವೆಂದೇ ತಿಳಿದು, ಅದಕ್ಕೆ ತಕ್ಕ ಅನೇಕ ಸೂಜಿಗಳ ದೊಡ್ಡ ಯಂತ್ರವನ್ನು ವಿಚಾರಿಸಲಿ. ಆದರೆ ಕೌದಿಯ ಆಶೆಯಿಂದ ಕೊಳ್ಳುವವರು ರವಿಕೆಯ ನೆಪ ಹೇಳಬಾರದು. ನನಗೆ ಇಷ್ಟ, ನನ್ನಲ್ಲಿ ಹಣ ಉಂಟು, ಯಾರ ಪಾಲನ್ನೂ ಕಸಿದಿಲ್ಲ ಎಂದು ನೆಟ್ಟಗೆ ಹೇಳುವದನ್ನು ನಾಲ್ವತ್ತು ವರ್ಷ ದಾಟಿದ ಸ್ತ್ರೀಯು ಕಲಿಯಬೇಕು. ಹಾಗೆ ಹೇಳಲಾಗದಿದ್ದರೆ, ಅಂದರೆ ಸಾಲ ಮಾಡಿ ತರಬೇಕಾದರೆ ಅಥವಾ ಮಗಳ ಕಾಲೇಜಿನ ಫೀಗೆ ಇಟ್ಟದ್ದನ್ನು ಮುಟ್ಟಬೇಕಾದರೆ, ಯಂತ್ರವು ಅಂಗಡಿಯಲ್ಲಿಯೇ ಇರಲಿ. ಕೌದಿಗೆ ಅದು ಅವಶ್ಯವಲ್ಲ. ಅವಶ್ಯವಲ್ಲದ್ದೆಂದು ತಿಳಿದು ಕೊಳ್ಳುವವರೇ ಅದನ್ನು ಸರಿಯಾಗಿ ಅನುಭವಿಸುವರು.

ನಮ್ಮ ಹಿರಿಯ ಉಪಾಧ್ಯಾಯಿನಿಯರಲ್ಲಿ ಕೆಲವರು ಬೇರೊಂದು ಆಕ್ಷೇಪವನ್ನು ತರುತ್ತಾರೆ: ಯಂತ್ರವು ಬಂದರೆ ಕೈ ಸಾಯುವದು. ಈ ಭಯವು ಹಳೆಯದು, ತೀರ ಅಕಾರಣವಾದದ್ದೂ ಅಲ್ಲ. ಪ್ಯಾರಿಸಿನಲ್ಲಿ ಬಾರ್ತೆಲೆಮಿ ತಿಮೋನಿಯೆ ಎಂಬವನು 80 ಹೊಲಿಗೆಯ ಯಂತ್ರಗಳನ್ನು ಇಟ್ಟು ಸೈನಿಕರ ಬಟ್ಟೆಗಳನ್ನು ಹೊಲಿಸುತ್ತಿದ್ದಾಗ, 1831ರಲ್ಲಿ ದರ್ಜಿಗಳು ನುಗ್ಗಿ ಆ ಯಂತ್ರಗಳನ್ನು ಒಡೆದರು. ನಮ್ಮ ದೇಶದಲ್ಲಿ ಯಂತ್ರಗಳ ವಿಷಯವಾಗಿ ಕಟುವಾಗಿ ಬರೆದ ಗಾಂಧೀಜಿಯವರಾದರೋ, 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿಯೊಬ್ಬನ ಪ್ರಶ್ನೆಗೆ ಉತ್ತರ ಕೊಡುವಾಗ, ಸಿಂಗರ್ ಹೊಲಿಗೆಯ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟರು. ಹೆಂಡತಿಯು ಕೈಯಿಂದ ಹೊಲಿದು ಬಳಲುವದನ್ನು ನೋಡಲಾರದೆ ಸಿಂಗರನು ಅದನ್ನು ಪ್ರೀತಿಯಿಂದ ಮಾಡಿದನೆಂಬ ಕಥೆಯನ್ನು ಅವರು ಕಾರಣವಾಗಿ ಹೇಳಿದರು. ಸಿಂಗರನ ಗೃಹಚರಿತ್ರೆಯನ್ನು ಓದಿದವರು ಈ ಕಥೆಯನ್ನು ಅಷ್ಟು ಸುಲಭವಾಗಿ ನಂಬಲಾರರು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಅದನ್ನು ವಿಸ್ತರಿಸುವದು ಬೇಡ. ಆದರೂ ಗಾಂಧೀಜಿಯವರು ಕೇಳಿದ ಪ್ರಶ್ನೆಯು ಸರಿಯಾದದ್ದೇ: ಈ ಯಂತ್ರವು ಮನುಷ್ಯನ ಕೈಕಾಲುಗಳನ್ನು ನಿರುಪಯೋಗ ಮಾಡುತ್ತದೋ, ಇಲ್ಲವೋ?

ಕೌದಿಯ ಮಟ್ಟಿಗೆ ಇದಕ್ಕೆ ಉತ್ತರವು ಸೂಜಿಯಲ್ಲಿಯೇ ಉಂಟು. ಕೈಸೂಜಿಗೆ ಕಣ್ಣು ಬುಡದಲ್ಲಿ. ಯಂತ್ರದ ಸೂಜಿಗೆ ಕಣ್ಣು ಮೊನೆಯಲ್ಲಿ. 1846ರಲ್ಲಿ ಎಲಿಯಸ್ ಹೋವ್ ಎಂಬ ಅಮೆರಿಕದವನು ಹಕ್ಕುಪತ್ರ ಪಡೆದ ಯಂತ್ರದಲ್ಲಿ ಅಂಥ ಸೂಜಿಯೂ ಕೆಳಗಿನ ಲಾಳಿಯೂ ಕೂಡಿದ್ದವು. ಕೈಹೊಲಿಗೆಯಲ್ಲಿ ಒಂದೇ ದಾರವು ಪದರುಗಳನ್ನು ಹಾದು ಹೋಗಿ ಹಾದು ಬರುತ್ತದೆ. ಅದರ ಹಿಡಿತ ಸಡಿಲು, ಬಟ್ಟೆ ಮೈಗೆ ಒಗ್ಗುತ್ತದೆ. ಯಂತ್ರದಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಪ್ರತಿ ಹೊಲಿಗೆಯಲ್ಲಿ ಒಂದನ್ನೊಂದು ಕೊಕ್ಕೆ ಹಾಕಿ ಬಿಗಿಯುತ್ತವೆ. ಈ ಬಿಗಿತವು ಚೀಲಕ್ಕೆ ಒಳ್ಳೇದು; ಉಟ್ಟು ಸವೆದ ಸೀರೆಗೆ ಒಳ್ಳೇದಲ್ಲ. ನಮ್ಮ ತಾಯಿಯವರ ಇಳಕಲ್ ಸೀರೆಯ ಹಳೆಯ ತುಂಡೊಂದನ್ನು ಬರಿದಾಗಿ ಚೌಕಟ್ಟಿನಲ್ಲಿ ಬಿಗಿದು ತುಂಬು ಹೊಲಿಗೆ ಹಾಕಿಸಿದರೆ, ಸೂಜಿಯ ತೂತುಗಳ ಸಾಲಿನ ಮೇಲೆಯೇ ಅದು ಅಂಚೆಚೀಟಿಯಂತೆ ಹರಿದು ಬರುವದು.

ಆದಕಾರಣ ನಾವು ನಡೆಸುವ ಕ್ರಮ ಹೀಗುಂಟು. ಎಂಬ್ರಾಯ್ಡರಿಯು ಹೊಸ ಹತ್ತಿಯ ಬಟ್ಟೆಯ ಮೇಲೆ. ಒಗೆದು, ಇಸ್ತ್ರಿ ಮಾಡಿ, ಕೆಳಗೆ ಸ್ಟೆಬಿಲೈಸರ್ ಎಂಬ ಕಾಗದದಂಥ ಆಸರೆಯನ್ನಿಟ್ಟು, ಎರಡನ್ನೂ ಒಟ್ಟಿಗೆ ತಮಟೆಯ ಚರ್ಮದಂತೆ ಬಿಗಿಯಬೇಕು. ಚಿತ್ರ ಮುಗಿದ ಮೇಲೆ ಆ ಆಸರೆಯನ್ನು ಹರಿದು ತೆಗೆಯುವ ಜಾತಿಯದನ್ನೇ ಕೌದಿಗೆ ನಾವು ಮೆಚ್ಚುತ್ತೇವೆ. ಕತ್ತರಿಸಿ ಉಳಿಸುವ ಜಾತಿಯು ಒಳಗೆ ಉಳಿದು ಹೊದಿಕೆಯನ್ನು ರಟ್ಟು ಮಾಡುವದು. ಹೀಗೆ ಹೂವು ಬಿಡಿಸಿದ ಹೊಸ ತುಂಡನ್ನು ಹಳೆಯ ಸೀರೆಯ ತುಂಡುಗಳ ನಡುವೆ ಸೇರಿಸಿ, ಪದರುಗಳನ್ನೆಲ್ಲಾ ಕೂಡಿಸುವ ಹೊಲಿಗೆಯನ್ನು ಮಾತ್ರ ಕೈಯಿಂದಲೇ ಹಾಕುತ್ತೇವೆ. ಹೂವಿನ ಸುತ್ತಲೂ ಕೈಹೊಲಿಗೆಯ ಸಾಲು ಬಳಸಿ ಹೋದಾಗ ಯಂತ್ರದ ಹೂವು ಸಹ ಸ್ವಲ್ಪ ಉಬ್ಬಿ, ಮನೆಯ ಹೂವಿನಂತೆ ಕಾಣತೊಡಗುತ್ತದೆ.

ಎಷ್ಟು ಹೂವು? ಇಲ್ಲಿಯೇ ಹೊಸದಾಗಿ ಕೊಂಡವರು ಮೈಮರೆಯುವದು. ಲೆಕ್ಕದ ಉಪಾಧ್ಯಾಯಿನಿಯರು ಕ್ಷಮಿಸಲಿ, ಒಂದು ಸಣ್ಣ ಲೆಕ್ಕವನ್ನು ನಾವೇ ಮಾಡುತ್ತೇವೆ. 60 ಇಂಚು ಅಗಲ, 90 ಇಂಚು ಉದ್ದದ ಕೌದಿಯನ್ನು 5 ಇಂಚಿನ ಚೌಕಗಳಾಗಿ ಮಾಡಿದರೆ 216 ಚೌಕಗಳಾದವು. ಸಣ್ಣ ಯಂತ್ರದ ಚೌಕಟ್ಟಿನೊಳಗೆ 4 ಇಂಚಿನ ಚಿತ್ರವು ಹಿಡಿಯುತ್ತದೆ. ಹಗುರಾದ ಚಿತ್ರವೊಂದಕ್ಕೆ 6,000 ಹೊಲಿಗೆಗಳೆಂದೂ, ಯಂತ್ರವು ನಿಮಿಷಕ್ಕೆ 600 ಹೊಲಿಗೆ ಹಾಕುವದೆಂದೂ ಇಟ್ಟುಕೊಂಡರೆ, ಒಂದು ಚೌಕಕ್ಕೆ 10 ನಿಮಿಷ. ಎಲ್ಲಾ ಚೌಕಗಳಿಗೂ ಹೂವು ಬೇಕೆಂದರೆ 36 ಗಂಟೆ. ಇದರಲ್ಲಿ ಬಟ್ಟೆ ಬಿಗಿಯುವದೂ, ಬಣ್ಣ ಬಣ್ಣಕ್ಕೂ ದಾರ ಬದಲಿಸುವದೂ, ತುಂಡಾದ ದಾರವನ್ನು ಮತ್ತೆ ಪೋಣಿಸುವದೂ ಸೇರಿಲ್ಲ. ಮನೆಯ ಯಂತ್ರಗಳಿಗೆ ಸಾಮಾನ್ಯವಾಗಿ ಒಂದೇ ಸೂಜಿ, ಆದ್ದರಿಂದ ಪ್ರತಿ ಬಣ್ಣಕ್ಕೂ ನಾವೇ ಎದ್ದು ದಾರ ಹಾಕಬೇಕು. ಕಷ್ಟಪಟ್ಟು ಮುಗಿಸಿದರೂ ದೊರೆಯುವದೇನು? ಎಲ್ಲಾ ಕಡೆಗೂ ಹೂವಿರುವ ಕೌದಿಯಲ್ಲಿ ಒಂದು ಹೂವೂ ಕಣ್ಣಿಗೆ ಬೀಳುವದಿಲ್ಲ. ಒಂಭತ್ತು ಚೌಕಗಳಿಗೆ ಮಾತ್ರ ಹಾಕಿದರೆ ಒಂದೂವರೆ ಗಂಟೆಯ ಯಂತ್ರದ ಕೆಲಸ, ಮಿಕ್ಕ 207 ಚೌಕಗಳು ಸೀರೆಯ ಬಣ್ಣಗಳಿಗೆ. ಸಿದ್ದಿ ಸ್ತ್ರೀಯರು ನಾಲ್ಕರಲ್ಲಿಯೇ ನಿಲ್ಲಿಸುತ್ತಾರೆಂಬದನ್ನು ಮರೆಯಬಾರದು.

ಚಿತ್ರದ ಆಯ್ಕೆಯೂ ಹಾಗೆಯೇ. ಪೂರ್ತಿಯಾಗಿ ತುಂಬಿದ ದಟ್ಟ ಚಿತ್ರಗಳು ಅಂಗಡಿಯ ಪರದೆಯ ಮೇಲೆ ಬಹಳ ಮನೋಹರ. ಮಗುವಿನ ಕೆನ್ನೆಯ ಕೆಳಗೆ ಅವು ಹಲಗೆ. ಬರೀ ಗೆರೆಗಳಿಂದಾದ ಚಿತ್ರಗಳು ಕೌದಿಗೆ ಉತ್ತಮ. ಇನ್ನೊಂದು ಒಳ್ಳೇ ವಿಧಾನವು ಅಪ್ಲಿಕ್. ಯಂತ್ರವು ಮೊದಲು ಬಟ್ಟೆಯ ಮೇಲೆ ಆಕಾರದ ಗೆರೆಯನ್ನು ಹೊಲಿದು ತೋರಿಸುತ್ತದೆ. ಆ ಗೆರೆಯ ಮೇಲೆ ಬೇರೆ ಬಣ್ಣದ ತುಂಡನ್ನು ಇಟ್ಟರೆ ಅದನ್ನು ಮತ್ತೊಂದು ಗೆರೆಯಿಂದ ಹಿಡಿಯುತ್ತದೆ. ಹೊರಗುಳಿದ ಬಟ್ಟೆಯನ್ನು ನಾವು ಸಣ್ಣ ಕತ್ತರಿಯಿಂದ ಕತ್ತರಿಸಿ ಕೊಟ್ಟ ಮೇಲೆ ಅಂಚನ್ನು ಮುಚ್ಚಿಬಿಡುತ್ತದೆ. ತುಂಡುಬಟ್ಟೆಯ ಮೇಲಿನ ಪ್ರೀತಿಯಿರುವ ಕೌದಿಯವರಿಗೆ ಇದಕ್ಕಿಂತ ಸಂತೋಷದ ಆಟ ನಮಗೆ ಗೊತ್ತಿಲ್ಲ. ಆಟವೆಂದೇ ಬರೆದಿದ್ದೇವೆ. ನಮ್ಮ ಶಾಲೆಯ ಅಂಗಳದ ಆಕಾಶಮಲ್ಲಿಗೆಯ ಹೂವನ್ನು ಕಾಗದದಲ್ಲಿ ಬರೆದು, ಗಣಕದಲ್ಲಿ ಅದನ್ನು ಹೊಲಿಗೆಯ ಅಂಕೆಗಳಾಗಿ ಮಾಡಿಸಿ, ಪೆನ್‌ಡ್ರೈವಿನಲ್ಲಿ ತಂದು ಯಂತ್ರಕ್ಕೆ ಕೊಟ್ಟ ಸಂಜೆ, ಉದ್ದನೆಯ ಬಿಳಿಯ ತೊಟ್ಟು ಮೊದಲು, ಆಮೇಲೆ ಒಂದೊಂದಾಗಿ ದಳಗಳು, ಹೀಗೆ ಹೂವು ಬಟ್ಟೆಯ ಮೇಲೆ ಏಳುತ್ತಿದ್ದದ್ದನ್ನು ನೋಡುತ್ತಾ ನಾವು ಪರೀಕ್ಷೆಯ ಪತ್ರಿಕೆಗಳ ಕಟ್ಟನ್ನು ಮರೆತು ಕೂತಿದ್ದೆವು. ಕೈ ಕೆಲಸವಿಲ್ಲದೆ ಕೂತಿರುವದು ನಮ್ಮಂಥವರಿಗೆ ಅಭ್ಯಾಸವಿಲ್ಲ. ಯಂತ್ರದ ಪಕ್ಕದಿಂದ ಏಳಲಿಕ್ಕೂ ಆಗುವದಿಲ್ಲ, ಯಾಕಂದರೆ ದಾರವು ಯಾವಾಗ ತುಂಡಾಗುವದೋ ಹೇಳಬರುವದಿಲ್ಲ. ಹೀಗೆ ನ್ಯಾಯವಾದ ಕಾರಣದಿಂದಲೇ ಸುಮ್ಮನೆ ಕೂಡ್ರಲು ಸಿಕ್ಕುವ ಹತ್ತು ನಿಮಿಷಗಳು ಒಬ್ಬ ಗೃಹಿಣಿಗೆ ಸಣ್ಣ ಲಾಭವೆಂದು ನಾವು ಎಣಿಸುವದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಕಠಿಣವಾಗಿರುವೆವು. ಎಂಬ್ರಾಯ್ಡರಿಗೆಲ್ಲಾ ಕಸೂತಿಯೆಂದು ಹೇಳುವ ರೂಢಿಯು ಕನ್ನಡದಲ್ಲಿ ಬಿದ್ದುಹೋಗಿದೆ. ಆದರೆ ಧಾರವಾಡ ಸೀಮೆಯ ಕಸೂತಿಯೆಂಬದು ಒಂದು ವಿಶೇಷವಾದ ಕಲೆ, ಭೌಗೋಳಿಕ ಸೂಚಕದ ರಕ್ಷಣೆಯನ್ನು ಪಡೆದದ್ದು. ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ, ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರ, ತೇರು, ಆನೆ, ತುಳಸಿ ವೃಂದಾವನ, ತೊಟ್ಟಿಲು ಇವುಗಳನ್ನು ಮೂಡಿಸಬೇಕು. ಗವಂತಿಯಲ್ಲಿ ಒಂದೇ ದಾರವು ಗೆರೆಯನ್ನು ಬಿಟ್ಟು ಬಿಟ್ಟು ಹೊಲಿಯುತ್ತಾ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಬಟ್ಟೆಯ ಎರಡು ಮಗ್ಗುಲಿಗೂ ಒಂದೇ ರೂಪ. ಎರಡು ದಾರಗಳ ನಮ್ಮ ಯಂತ್ರವು ಗೋಪುರದ ಆಕಾರವನ್ನು ಹೊಲಿಯಬಲ್ಲದು, ಗವಂತಿಯನ್ನು ಹೊಲಿಯಲಾರದು. ಯಂತ್ರದ ಗೋಪುರಕ್ಕೆ ಕಸೂತಿಯೆಂದು ಹೆಸರಿಟ್ಟು ಮಾರುವವರು, ಕಣ್ಣು ಕಿರಿದು ಮಾಡಿ ಎಳೆ ಎಣಿಸಿದ ಸ್ತ್ರೀಯ ಕೂಲಿಯನ್ನು ಕಡಿಮೆ ಮಾಡುತ್ತಾರೆ, ಯಾಕಂದರೆ ಕೊಳ್ಳುವವನು ಮುಂದಿನ ಸಾರಿ ಅವಳ ಹತ್ತಿರ ಯಂತ್ರದ ಬೆಲೆಗೇ ಕೇಳುವನು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೌದಿಗಳನ್ನು ಮಾರುವವರು ಕೆಲವರಿದ್ದಾರೆ. ಅವರಿಗೆ ನಮ್ಮ ವಿನಂತಿ: ಹೂವು ಯಂತ್ರದ್ದು, ಹೊಲಿಗೆ ಕೈಯದು ಎಂದು ಚೀಟಿಯ ಮೇಲೆ ಸ್ಪಷ್ಟವಾಗಿ ಬರೆಯಿರಿ. ಹಾಗೆ ಬರೆದು ಮಾರಿದ ಕೌದಿಗಳನ್ನು ಜನರು ಕೊಂಡದ್ದನ್ನು ನಾವು ಕಂಡಿದ್ದೇವೆ. ಶಾಲೆಯಲ್ಲಿಯೂ ಎಂಟನೆಯ ತರಗತಿಯ ಹುಡುಗಿಯರು ಗವಂತಿಯ ಒಂದು ಸಾಲನ್ನು ಎರಡು ಮಗ್ಗುಲಿಗೂ ಸಮವಾಗಿ ಹೊಲಿದು ತೋರಿಸಿದ ಮೇಲೆಯೇ ಯಂತ್ರದ ಹತ್ತಿರ ಬರತಕ್ಕದ್ದೆಂದು ನಿಯಮ ಮಾಡಿದ್ದೇವೆ. ಅವರು ಗೊಣಗುತ್ತಾರೆ, ಗೊಣಗುತ್ತಲೇ ಕಲಿಯುತ್ತಾರೆ.

ಕೊಳ್ಳಬೇಕೆಂದು ನಿಶ್ಚಯಿಸಿದವರಿಗೆ ಕೆಲವು ಮಾತು ಹೇಳಿ ಮುಗಿಸುತ್ತೇವೆ. ಅಂಗಡಿಗೆ ಹೋಗುವಾಗ ನಿಮ್ಮದೇ ಬಟ್ಟೆಯನ್ನು ಒಯ್ಯಿರಿ, ನೀವು ಕೌದಿಗೆ ಬಳಸುವಂಥದ್ದನ್ನೇ. ಅಂಗಡಿಯವರು ತೋರಿಸುವ ಗಟ್ಟಿ ಬಟ್ಟೆಯ ಮೇಲೆ ಎಲ್ಲಾ ಯಂತ್ರಗಳೂ ಚೆನ್ನಾಗಿ ಹೊಲಿಯುತ್ತವೆ. ಚೌಕಟ್ಟಿನ ಅಳತೆಯನ್ನು ಕೇಳಿ ತಿಳಿಯಿರಿ. 4 ಇಂಚಿನದರಲ್ಲಿ ತೊಟ್ಟಿಲ ಕೌದಿಗೆ ಬೇಕಾದದ್ದೆಲ್ಲಾ ಆಗುವದು, 5 ಇಂಚು ಅಗಲ 7 ಇಂಚು ಉದ್ದದ್ದಿದ್ದರೆ ಮಗುವಿನ ಹೆಸರನ್ನು ಕನ್ನಡದಲ್ಲಿ ವಿಶಾಲವಾಗಿ ಬರೆಸಬಹುದು. ಯಂತ್ರದೊಳಗೆ ಅಕ್ಷರಗಳಿವೆಯೆಂದು ಅಂಗಡಿಯವರು ಹೇಳಿದರೆ ಕನ್ನಡದ ಅಕ್ಷರಗಳಿವೆಯೋ ಎಂದು ಕೇಳಬೇಕು. ಇಂಗ್ಲಿಷ್ ಅಕ್ಷರಗಳು ಮಾತ್ರವಿದ್ದರೆ ಒತ್ತಕ್ಷರಗಳನ್ನು ಗಣಕದಲ್ಲಿ ಬೇರೆಯಾಗಿ ಮಾಡಿಸಿಕೊಳ್ಳಬೇಕಾಗುವದು. ಯಂತ್ರವು ಯಾವ ಜಾತಿಯ ಕಡತಗಳನ್ನು ಓದುವದೆಂಬದನ್ನೂ ವಿಚಾರಿಸಿರಿ, ಯಾಕಂದರೆ ಬ್ರದರಿನವರದು ಪಿ.ಇ.ಎಸ್., ಜಾನೋಮೆಯವರದು ಜೆ.ಇ.ಎಫ್.; ಒಂದರ ಚಿತ್ರವನ್ನು ಮತ್ತೊಂದಕ್ಕೆ ಹಾಗೆಯೇ ಕೊಡಲಿಕ್ಕೆ ಬರುವದಿಲ್ಲ. ನಮ್ಮ ಸೀಮೆಯಲ್ಲಿ ಮಳೆಗಾಲದ ಸಂಜೆ ವಿದ್ಯುತ್ತು ಹೋಗುವದು ಸಾಮಾನ್ಯವಾದ್ದರಿಂದ, ಕೆಲಸ ನಿಂತಲ್ಲಿಂದಲೇ ಮತ್ತೆ ಆರಂಭಿಸುವ ಶಕ್ತಿಯು ಯಂತ್ರಕ್ಕೆ ಉಂಟೋ ಎಂದು ತೋರಿಸಿಕೊಳ್ಳದೆ ಹಣ ಎಣಿಸಬೇಡಿರಿ. ನಮ್ಮ ಊರಿಗೆ ಬಂದು ದುರಸ್ತಿ ಮಾಡುವವರು ಯಾರು ಎಂಬ ಪ್ರಶ್ನೆಯು ಎಲ್ಲಕ್ಕಿಂತ ಮುಖ್ಯವಾದದ್ದು. ಅದಕ್ಕೆ ತಡವರಿಸುವ ಅಂಗಡಿಯಿಂದ ಎದ್ದು ಬರಬೇಕು. ಯಂತ್ರದ ಬೆಲೆಯ ಹೊರತು ದಾರ, ಬಾಬಿನ್ನಿನ ಸಣ್ಣ ದಾರ, ಸೂಜಿ, ಸ್ಟೆಬಿಲೈಸರ್ ಇವುಗಳಿಗೆ ಸ್ವಲ್ಪ ಹಣವನ್ನು ಬೇರೆ ಇಟ್ಟುಕೊಳ್ಳಿರಿ. ಸೂಜಿಯನ್ನು ಮುರಿಯುವ ತನಕ ಬಳಸುವ ನಮ್ಮ ಮನೆಗಳ ಅಭ್ಯಾಸವು ಇಲ್ಲಿ ನಡೆಯದು; ಮೊಂಡಾದ ಕೂಡಲೇ ಬದಲಿಸಬೇಕು, ಇಲ್ಲದಿದ್ದರೆ ದಾರ ನೂರು ಸಾರಿ ತುಂಡಾಗುವದು.

ಕೊಳ್ಳುವ ಮೊದಲು ಕೈಯಾಡಿಸಿ ನೋಡಬೇಕೆನ್ನುವವರಿಗೆ, ಶಾಲೆಯ ದಿನಗಳಲ್ಲಿ ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರ ತನಕ ನಮ್ಮ ಯಂತ್ರವನ್ನು ಹೊಲಿಗೆಯ ಕೋಣೆಯಲ್ಲಿ ಇಟ್ಟಿರುತ್ತೇವೆ. ತಾಯಂದಿರೂ ಬರಬಹುದು, ಅತ್ತೆಯವರನ್ನು ಕರೆತಂದರೆ ಇನ್ನೂ ಒಳ್ಳೇದು, ಅವರಿಗೆ ಖುರ್ಚಿ ಹಾಕಿಸುತ್ತೇವೆ. 10 ಇಂಚಿನ ಒಂದು ತುಂಡು ಒಗೆದ ಹತ್ತಿಯ ಬಟ್ಟೆಯನ್ನೂ ಮೆಚ್ಚಿದ ಎರಡು ಬಣ್ಣದ ದಾರವನ್ನೂ ತರತಕ್ಕದ್ದು. ಕತ್ತರಿಯನ್ನು ಸಹ ತಮ್ಮದೇ ತರಬೇಕು. ಹೊಲಿಗೆಯ ಕೋಣೆಯ ಕತ್ತರಿಗಳು ನೀವು ಹುಡುಗಿಯರಾಗಿದ್ದಾಗ ಎಷ್ಟು ಮೊಂಡಾಗಿದ್ದವೋ ಈಗಲೂ ಅಷ್ಟೇ ಮೊಂಡಾಗಿವೆ.